ಬಿಸಿಲಿದ್ದ ಮೂರು ದಿನ

ಎಸ್ಸೋ, ಕಮ್ಚಾಟ್ಕಾ
೪ ಅಕ್ಟೋಬರ್ ೧೯೫೩

ನನ್ನ ಮುದ್ದು ತಾಸ್ಯಾ,

ನಿನ್ನ ಎರಡೂ ಕಾಗದ ತಲುಪಿದವು. ಉತ್ತರ ತಡವಾಯಿತು, ಬೈದುಕೋ, ಆದರೆ ಪೂರ್ತಿ ಓದು. ಮೊನ್ನೆಯಷ್ಟೇ ಬೆಟ್ಟ ಇಳಿದೆವು. ಎಡ ಮಂಡಿ ಊದಿದೆ. ಬೂಟಿನ ಅಟ್ಟೆಯನ್ನು ಲಾವಾ ಕಲ್ಲು ತಿಂದುಹಾಕಿದೆ. ಉಳಿದಂತೆ ಚೆನ್ನಾಗಿದ್ದೇನೆ.

ನಕ್ಷೆ ಮುಗಿಯಿತು. ಏಳು ಜ್ವಾಲಾಮುಖಿ, ಹೆಸರೇ ಇಲ್ಲದ ಹತ್ತೊಂಬತ್ತು ಹೊಳೆ. ಬೇಸಿಗೆಯಿಡೀ ಕಣ್ಣಲ್ಲಿ ಬೂದಿ, ಚಹಾದಲ್ಲಿ ಸೊಳ್ಳೆ. ದಾರಿ ತೋರಿಸಿದವಳು ಒಗ್ದಾ, ಹಿಮಸಾರಂಗ ಕಾಯುವ ಎವೆನ್ ಬುಡಕಟ್ಟಿನ ಮುದುಕಿ. ನಾನು ಅಳತೆಯ ದುರ್ಬೀನಿಗೆ ಕಣ್ಣಿಟ್ಟರೆ ಸಾಕು, ಪೈಪು ಸೇದುತ್ತಾ ಛೇಡಿಸುತ್ತಿದ್ದಳು: "ಕಣ್ಣೆದುರಿಗಿರೋ ಬೆಟ್ಟಾನ ಕಾಗದದ ಮೇಲೆ ಯಾಕಪ್ಪಾ ಬರೀತೀಯ? ಕಳೆದುಹೋಗುತ್ತಾ?"

"ಬರೋ ಜನ ಕಳೆದುಹೋಗಬಾರದು ಅಂತ, ಅಜ್ಜೀ."

"ಮನೇಲಿದ್ರೆ ಯಾರೂ ಕಳೆದುಹೋಗಲ್ಲ ಬಿಡು" ಅಂದಳು. ತಂಡದವರೆಲ್ಲ ನಕ್ಕರು. ನಾನೂ ನಕ್ಕೆ.

ಕಚೇರಿಯವರು ಮೆಚ್ಚಿ ತಂತಿ ಕಳಿಸಿದ್ದಾರೆ. ಓದಿ ಮಡಚಿಟ್ಟೆ. ಸಂತೋಷವೇನೂ ಆಗಲಿಲ್ಲ ಮಗಳೇ, ಸುಮ್ಮನೆ ಮಲಗಬೇಕೆನಿಸಿತು.

ಅಮ್ಮನನ್ನು ಮಣ್ಣು ಮಾಡುವಾಗ ನೀನೊಬ್ಬಳೇ ಇದ್ದೆ. ಹತ್ತೊಂಬತ್ತು ವರ್ಷದ ಹುಡುಗಿ. "ಅಲ್ಲಿ ಮಂಜು ಕವಿದಿದೆಯಂತೆ, ಅಪ್ಪ ಏನು ಮಾಡ್ತಾರೆ ಪಾಪ ಅಂತ ಅಮ್ಮನೇ ನನ್ನನ್ನ ಸಮಾಧಾನ ಮಾಡಿದಳು" ಎಂದು ಬರೆದಿದ್ದೀಯ. ಆ ಸಾಲು ಬಂದಾಗ ಕಾಗದ ಕೆಳಗಿಟ್ಟು ಹೊರಗೆ ಹೋಗಿ ನಿಂತೆ.

ಚಳಿ ಹಿಡಿಯುವ ಮೊದಲು ಸೌದೆ ತರಿಸಿಕೋ. ಓದು ಬಿಡಬೇಡ. ಅಮ್ಮನ ಕೋಟು ನೀನೇ ಹಾಕಿಕೋ. ನೀನು ಕೈಗೆತ್ತಿಕೊಂಡ ಕೆಲಸವೆಲ್ಲ ಒಳ್ಳೆಯದಾಗಲಿ, ಮಗು.

ನಿನ್ನ ಅಪ್ಪ
ಅರ್ಖಿಪ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದೆ. ಅಮ್ಮನಿಗೆ ಜಾಸ್ತಿಯಾಗಿದೆ ಎಂದು ನಿನ್ನ ರೇಡಿಯೋ ಸಂದೇಶ ಬಂದ ದಿನ ಮಂಜು ಇರಲಿಲ್ಲ. ನಲವತ್ತು ದಿನ ಕಾದಮೇಲೆ ಅಂದೇ ಆಕಾಶ ತೆರೆದಿತ್ತು. ಕೊನೆಯ ಶಿಖರದ ಅಳತೆಯೊಂದೇ ಬಾಕಿ. ಒಗ್ದಾ ಹಿಮಸಾರಂಗಕ್ಕೆ ಜೀನು ಬಿಗಿದು ಗುಡಾರದ ಮುಂದೆ ತಂದು ನಿಲ್ಲಿಸಿದಳು. "ಹತ್ತಿ ಕೂತ್ಕೋ! ನಾಲ್ಕು ದಿನದಲ್ಲಿ ವಿಮಾನದ ಹತ್ರ ಬಿಡ್ತೀನಿ. ಬೆಟ್ಟ ಮುಂದಿನ ವರ್ಷಾನೂ ಇರುತ್ತೆ ಕಣೋ!"

ನಾನು ದುರ್ಬೀನು ಹೊತ್ತು ಬೆಟ್ಟ ಹತ್ತಿದೆ. ಮಂಜು ಕವಿದಿದೆ, ಇಳಿಯಲಾಗದು ಎಂದು ನಿಮಗೆ ಸುಳ್ಳು ಕಳಿಸಿದೆ. ಅಮ್ಮ ಆಮೇಲೂ ಹದಿನಾರು ದಿನ ಇದ್ದಳಲ್ಲ. ಇಲ್ಲಿ ಮೂರು ದಿನ ಬಿಸಿಲಿತ್ತು, ತಾಸ್ಯಾ.