ದಾನವ್ವ ಹೇಳಿದ ಕಲ್ಲಿನ ಕತೆ

ಹೊಸಗದಗ, ಮಂಗಳ ಗ್ರಹ
ಕೆಂಪುವರ್ಷ ೪೪, ಧೂಳಿಮಾಸದ ಐವತ್ತೊಂದನೆಯ ದಿನ

ಭೂಮಿಯ ಮೇಲೆ, ನಮಗಿಂತ ಹಿಂದಿನ ಕಾಲದಲ್ಲಿರುವ ಹಿರಿಯರಿಗೆ, ಹೊಸಮನಿ ಮನೆತನದ ಕೆಂಚವ್ವ ಮಾಡುವ ಶರಣು.

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲಿಯೂ ಸಿಗುವುದಿಲ್ಲ. ನಮ್ಮ ಒಂದು ವರ್ಷವೆಂದರೆ ನಿಮ್ಮ ಎರಡಕ್ಕೆ ತುಸು ಕಡಿಮೆ. ತಿಂಗಳುಗಳೂ ಅದಕ್ಕೆ ತಕ್ಕಂತೆ ಉದ್ದ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ನುಸುಳಿದರೆ ಮನ್ನಿಸಬೇಕು. ಅವು ಇಲ್ಲಿ ಹುಟ್ಟಿದವು, ನನ್ನ ಹಾಗೆಯೇ.

ನಾವು ಸುಖವಾಗಿದ್ದೇವೆ. ನಮ್ಮ ಮನೆಗಳು ನೆಲದೊಳಗೆ, ಉದ್ದನೆಯ ಓಣಿಯ ಎರಡೂ ಬದಿಗೆ ಇವೆ. ಗಾಳಿಯನ್ನು ತಯಾರಿಸುವ ಜಾಗಕ್ಕೆ ಉಸಿರುಮನೆ ಎನ್ನುತ್ತೇವೆ; ಮುಂಜಾನೆ ಅದು ಮುದುಕರಂತೆ ಗಂಟಲು ಸರಿಮಾಡಿಕೊಂಡಾಗ ಓಣಿಗೆ ಓಣಿಯೇ ಏಳುತ್ತದೆ. ದೀಪದ ಬೆಳಕಿನಲ್ಲಿ ಬೆಳೆದ ಜೋಳದ ರೊಟ್ಟಿ ತುಸು ಸಿಹಿ. ಸಂಜೆ ಮೇಲೆ ಹತ್ತಿ ಗಾಜಿನ ಕಿಂಡಿಯ ಬಳಿ ಕೂತು ನೀಲಿ ಬಣ್ಣದ ಸೂರ್ಯಾಸ್ತ ನೋಡುತ್ತ ಹುರಿದ ಅವರೆ ತಿನ್ನುತ್ತೇವೆ. ಇವತ್ತು ಶಾಲೆಗೆ ರಜೆ. ನನ್ನ ಮುತ್ತಜ್ಜಿ ದಾನವ್ವ ಹೊಸಮನಿ ಬರೆದ ಆತ್ಮಕಥೆಯನ್ನು ಓಣಿಯಲ್ಲಿ ಕೂತು ಗಟ್ಟಿಯಾಗಿ ಓದುವ ದಿನವಿದು. ಈ ನೆಲದಲ್ಲಿ ಮಕ್ಕಳಿಗಾಗಿ ಮೊದಲು ಬರೆದವಳು ಆಕೆ. ಆಕೆ ಬರೆಯತೊಡಗಿದ್ದು ಹೇಗೆಂಬುದನ್ನು ನಿಮಗೆ ತಿಳಿಸಬೇಕೆನಿಸಿತು.

ದಾನವ್ವ ಮೊದಲ ತಂಡದೊಂದಿಗೆ ಇಲ್ಲಿಗೆ ಬಂದದ್ದು ಬೆಳೆಕೋಣೆ ನೋಡಿಕೊಳ್ಳಲು. ಆಗ ಇಲ್ಲಿ ಹುಟ್ಟಿದ ಮಕ್ಕಳು ಬೆರಳೆಣಿಕೆಯಷ್ಟು. ಅವರಿಗೆ ಕಲಿಸುತ್ತಿದ್ದ ವಿರೂಪಾಕ್ಷ ಮಾಸ್ತರರು ಭೂಮಿಯ ಕತೆಗಳನ್ನಷ್ಟೇ ಓದಿ ಹೇಳುತ್ತಿದ್ದರು. ಹೊಳೆ, ಮಳೆ, ಮಾವಿನ ತೋಪು, ಕರು. ಓದುವಾಗ ಅವರ ಕಣ್ಣು ತುಂಬುತ್ತಿತ್ತು.

ಒಂದು ದಿನ ಹೊನ್ನಿ ಎಂಬ ಹುಡುಗಿ ಶಾಲೆ ಮುಗಿಸಿ ನೇರ ಬೆಳೆಕೋಣೆಗೆ ಬಂದಳು. ಇಲ್ಲಿ ಹುಟ್ಟಿದ ಮೊದಲ ಕೂಸು ಅವಳೇ. ದಾನವ್ವನ ಸೆರಗು ಹಿಡಿದು ಕೇಳಿದಳು: “ದೊಡ್ಡವ್ವಾ, ಅಲ್ಲೆ ಅಷ್ಟೆಲ್ಲಾ ಐತಿ. ನಾವೇನ್ ತಪ್ಪ ಮಾಡೀವಂತ ನಮ್ಮನ್ನ ಇಲ್ಲಿ ತಂದ ಹಾಕ್ಯಾರ?”

ದಾನವ್ವ ಆತ್ಮಕಥೆಯಲ್ಲಿ ಬರೆದಿದ್ದಾಳೆ: “ನಾವು ಊರು ಬಿಟ್ಟು ಬಂದವರು, ಅಳಬಹುದು. ಈ ಕೂಸು ಎಲ್ಲಿಂದಲೂ ಬಂದದ್ದಲ್ಲ. ಇದು ಇದ್ದ ಮನೆಯನ್ನೇ ನಾವು ಸೆರೆಮನೆ ಮಾಡಿಟ್ಟಿದ್ದೆವು.”

ಮರುದಿನ ಅವರೆ ಬಿಡಿಸುತ್ತ ಆಕೆ ಮಕ್ಕಳಿಗೆ ಒಂದು ಕತೆ ಕಟ್ಟಿ ಹೇಳಿದಳು. ಹೊರಬಾಗಿಲಿನ ಆಚೆಗಿದ್ದ ಗುಂಡುಕಲ್ಲಿನ ಕತೆ. ಕೋಟಿ ಕೋಟಿ ವರ್ಷ ಆ ಕಲ್ಲು ಒಂಟಿಯಾಗಿ ಕೂತಿತ್ತಂತೆ. ಸುಂಟರಗಾಳಿ ಬಂದು ‘ಯಾರ ದಾರಿ ನೋಡ್ತಿ?’ ಎಂದು ಕೇಳಿದಾಗಲೆಲ್ಲ ‘ಬರ್ತಾರ, ಬರ್ತಾರ’ ಎನ್ನುತ್ತಿತ್ತಂತೆ. ಒಂದು ದಿನ ನೆಲದೊಳಗಿಂದ ಕೂಸು ಅತ್ತದ್ದು ಕೇಳಿಸಿತು. ಕಲ್ಲು ಗಾಳಿಗೆ ಹೇಳಿತು: ‘ಕೇಳಿದೇನ? ಬಂದ್ರು.’

ಹೊನ್ನಿ ಮತ್ತೆ ಮತ್ತೆ ಅದನ್ನೇ ಹೇಳಿಸಿಕೊಂಡಳು. ಮಾಸ್ತರರಿಗೆ ಸಿಟ್ಟು ಬಂತು. ವಿಷಯ ಓಣಿಯ ಸಭೆಗೆ ಹೋಯಿತು.

“ಇಂಥಾ ಕತಿ ಕೇಳಿ ಬೆಳದ ಮಕ್ಳಿಗೆ ನಾಳೆ ತುಂಗಭದ್ರಾ ಅಂದ್ರ ಯಾರು?” ಎಂದರು ಮಾಸ್ತರರು. “ನಾವು ಸತ್ತಮ್ಯಾಲೆ ಊರೂ ಸತ್ತಂಗ.”

“ಹೊಳಿ ಸುದ್ದಿ ನಾನೂ ಬಿಡಂಗಿಲ್ರಿ ಮಾಸ್ತರ,” ಎಂದಳು ದಾನವ್ವ. “ಖರೇ, ಮಕ್ಳು ಮೊದಲ ತಮ್ಮ ಮನ್ಯಾಗ ಆರಾಮ ಕುಂದರ್ಲಿ. ಆಮ್ಯಾಲೆ ಊರಿಗೆ ಕರಕೊಂಡ ಹೋಗೂಣು.”

ಸಭೆ ಒಪ್ಪಲಿಲ್ಲ. ಶಾಲೆಯಲ್ಲಿ ಆ ಕತೆಗಳನ್ನು ಹೇಳಬಾರದೆಂದು ತೀರ್ಮಾನವಾಯಿತು. ದಾನವ್ವ ಜಗಳಕ್ಕೆ ನಿಲ್ಲಲಿಲ್ಲ, ಬೆಳೆಕೋಣೆಯೇನೂ ಶಾಲೆಯಲ್ಲವಲ್ಲ! ಅವರೆ ಬಿಡಿಸಲು ಬರುವ ಮಕ್ಕಳು ಹೆಚ್ಚಾದರು.

ಕೆಲವು ತಿಂಗಳ ನಂತರ ಮಕ್ಕಳು ಹೊರಅಂಗಿ ತೊಟ್ಟು ಮೊದಲ ಸಲ ಬಯಲಿಗೆ ಹೋದರು. ಹೊರಅಂಗಿ ಎಂದರೆ ಉಸಿರನ್ನು ಜೊತೆಗೇ ಒಯ್ಯುವ ಉಡುಪು. ಮಕ್ಕಳು ಹೆದರಿ ಅಳುತ್ತಾರೆಂದು ಮಾಸ್ತರರು ಅಂಜಿದ್ದರು. ಹೊನ್ನಿ ಓಡಿಹೋಗಿ ಗುಂಡುಕಲ್ಲನ್ನು ಎರಡೂ ಕೈಯಿಂದ ತಬ್ಬಿಕೊಂಡಳು. “ತಡಾ ಆತು, ಸಿಟ್ಟಾಗಬ್ಯಾಡ,” ಎಂದು ಅದಕ್ಕೆ ಹೇಳಿದಳು. ಉಳಿದ ಮಕ್ಕಳು ಸಾಲುಗಟ್ಟಿ ನಿಂತು ಒಬ್ಬೊಬ್ಬರಾಗಿ ಕಲ್ಲಿಗೆ ತಮ್ಮ ಹೆಸರು ಹೇಳಿದರು. ಕೊನೆಗೆ ಮಾಸ್ತರರೂ ಹೋಗಿ ತಮ್ಮ ಹೆಸರು ಹೇಳಿದರಂತೆ.

ಅವರೆಬಳ್ಳಿಯ ನಾರಿನಿಂದ ಮಾಡಿದ ಒರಟು ಕಾಗದದ ಮೇಲೆ ಆಕೆಯ ಮೊದಲ ಪುಸ್ತಕ ಬಂತು. ಚಿತ್ರ ಬರೆದವರು ವಿರೂಪಾಕ್ಷ ಮಾಸ್ತರರೇ. ಅವರ ಸುಂಟರಗಾಳಿಗೆ ಗದಗಿನ ಮುದುಕರ ಹಾಗೆ ತಲೆಗೆ ಸುತ್ತಿದ ಪಟಕ ಇದೆ.

ಆತ್ಮಕಥೆಯನ್ನು ದಾನವ್ವ ಬರೆದದ್ದು ಕೈ ನಡುಗುವ ವಯಸ್ಸಿನಲ್ಲಿ. ಸಾಹಸದ ವರ್ಣನೆಯನ್ನು ನಿರೀಕ್ಷಿಸಿದವರಿಗೆ ನಿರಾಶೆಯಾಯಿತು. ಮಳೆಯ ವಾಸನೆ ನೆನೆದು ಬೆಳೆಕೋಣೆಯ ಮೂಲೆಯಲ್ಲಿ ಅತ್ತದ್ದನ್ನು ಆಕೆ ಮುಚ್ಚಿಡಲಿಲ್ಲ. “ಮಕ್ಕಳಿಗೆ ಹೇಳಿದ ಕತೆಯನ್ನು ಮೊದಮೊದಲು ನಾನೇ ನಂಬಿರಲಿಲ್ಲ. ಅವರು ನಂಬಿದರು. ಅವರ ಬೆನ್ನು ಹಿಡಿದು ನಾನೂ ಮನೆ ಸೇರಿದೆ.” ಈ ಸಾಲು ಬಂದಾಗ ಓಣಿಯಲ್ಲಿ ಯಾರಾದರೊಬ್ಬರು ಮೂಗು ಒರೆಸಿಕೊಳ್ಳುತ್ತಾರೆ. ಆಮೇಲೆ ಊಟ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಲೆಕ್ಕ ಹಾಕಿದರೆ, ನೀವಿರುವ ಕಾಲಕ್ಕೆ ದಾನವ್ವ ಇನ್ನೂ ಸಣ್ಣ ಹುಡುಗಿ. ಗದಗಿನ ಯಾವುದೋ ಮನೆಯಲ್ಲಿ, ರೊಟ್ಟಿ ಬಡಿಯುತ್ತಿರುವ ಅಜ್ಜಿಯ ಬೆನ್ನಿಗೆ ಜೋತುಬಿದ್ದು ಕತೆ ಹೇಳೆಂದು ಕಾಡುತ್ತಿರಬೇಕು. ಆಕೆ ಯಾವ ಮಗುವೆಂದು ನಿಮಗೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ಕೇಳಿದ ಎಲ್ಲ ಮಕ್ಕಳಿಗೂ ಹೇಳಿ. ದಣಿದಿದ್ದರೆ ಅರ್ಧಕ್ಕೇ ನಿಲ್ಲಿಸಿ, ಚಿಂತೆಯಿಲ್ಲ. ಉಳಿದದ್ದನ್ನು ಆಕೆ ಇಲ್ಲಿಗೆ ಬಂದು ಹೇಳುತ್ತಾಳೆ.