ದೋಣಿಗೆ ಐವತ್ತು ಬೆಳ್ಳಿ

ಮಾರ್ಚ್ 4, ಮಂಗಳವಾರ. ಬೆಳಗ್ಗೆ 9.40

ನಿನ್ನೆ ನಮ್ಮ ಆನ್‌ಲೈನ್ ಆಟದೊಳಗೆ ಹುಟ್ಟಿದ ಬೆಳ್ಳಿ ನಾಣ್ಯ ತೊಂಬತ್ತು ಕೋಟಿ. ಕರಗಿದ್ದು ಮೂವತ್ತೊಂದು. ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ, ಆಟದ ರೊಟ್ಟಿಯ ಬೆಲೆಯೊಳಗೆ ಕೂರುತ್ತದೆ. ನಾಲ್ಕು ವರ್ಷದ ಹಿಂದೆ ರೊಟ್ಟಿಗೆ ಹನ್ನೆರಡು ಬೆಳ್ಳಿ. ಇವತ್ತು ಒಂಬೈನೂರು.

ಬೆಳ್ಳಿ ಬರಲು ನಲ್ಲಿ, ಹರಿದುಹೋಗಲು ಬಚ್ಚಲು. ಹದಿನಾರು ವರ್ಷದಿಂದ ನನ್ನ ಕೆಲಸ ಇಷ್ಟೇ. ಬರುವುದಕ್ಕೆ ತಕ್ಕಷ್ಟು ಹೋಗುವ ದಾರಿ.

ಮೀಟಿಂಗಿನಲ್ಲಿ ಡೈರೆಕ್ಟರ್ ಪ್ಯೋ ಬೆರಳಿಟ್ಟದ್ದು ದೋಣಿಯ ಮೇಲೆ. ಆಟದ ನದಿ ದಾಟಲು ಈಗ ಐವತ್ತು ಬೆಳ್ಳಿ. ಎರಡು ಸಾವಿರ ಮಾಡಬೇಕಂತೆ.

"ಎಲ್ರೂ ದಾಟ್ಲೇಬೇಕು ಮ್ಯಾಂಗ್ ಅವ್ರೇ. ಇದಕ್ಕಿಂತ ಒಳ್ಳೇ ಬಚ್ಚಲು ಸಿಗಲ್ಲ."

"ಹೊಸಬರ ಹತ್ರ ಅಷ್ಟಿರಲ್ಲ. ಪೆಟ್ಟಿಗೆ ನಿಲ್ಸಿ."

"ಪೆಟ್ಟಿಗೆ ಅಂದ್ರೆ ಸಂಬಳ ಕಣ್ರೀ. ನಿಮ್ದೂ."

ಪೆಟ್ಟಿಗೆ: 9,900 ವೋನ್ ನಿಜದ ದುಡ್ಡು ಕೊಟ್ಟರೆ ಆಟದಲ್ಲಿ ಹತ್ತು ಲಕ್ಷ ಬೆಳ್ಳಿ. ಚುಸೋಕ್ ಹಬ್ಬಕ್ಕೆಂದು ಒಂದು ವಾರ ಇಟ್ಟದ್ದು. ಆಮೇಲೆ ಮೂರು ಚುಸೋಕ್ ಕಳೆದವು.

ನನ್ನ ಒಪ್ಪಿಗೆಯಿಲ್ಲದೆ ದರದ ಟೇಬಲ್ ಸರ್ವರಿಗೆ ಹೋಗುವುದಿಲ್ಲ. ಒಪ್ಪಲಿಲ್ಲ.

ಮಾರ್ಚ್ 7. ಊಟದ ಹೊತ್ತು

ನನ್ನನ್ನು ಕೇಳದೆಯೇ ಪ್ರಕಟಣೆ ಹೊರಟಿದೆ: 20ರ ಗುರುವಾರದಿಂದ ದೋಣಿಗೆ ಎರಡು ಸಾವಿರ.

ಹೊಸ ಹೆಸರಿನಲ್ಲಿ ಆಟಕ್ಕೆ ಹೋದೆ. ಎರಡು ಕಪ್ಪೆ ಕೊಂದೆ. ಮೂವತ್ತೆಂಟು ಬೆಳ್ಳಿ. ದಡದಲ್ಲಿ ನಿಂತೆ. ಪಕ್ಕದಲ್ಲಿ 'ಏಳನೇ ಬಸ್ಸು' ಎಂಬ ಹೆಸರಿನವನೊಬ್ಬ.

"ಹೊಸಬ್ರಾ? ಊಟ ಆಯ್ತಾ?"

ಹನ್ನೆರಡು ಬೆಳ್ಳಿ ಕೈಗಿಟ್ಟ. ಥ್ಯಾಂಕ್ಸ್ ಟೈಪ್ ಮಾಡುವಷ್ಟರಲ್ಲಿ ಹಿಂದಿನವನನ್ನೂ ಅದನ್ನೇ ಕೇಳುತ್ತಿದ್ದ.

ನನ್ನ ಟೇಬಲಿನಲ್ಲಿ ಇವನಿಗೆ ಕಾಲಮ್ ಇಲ್ಲ.

ಮಾರ್ಚ್ 18. ಬೆಳಗ್ಗೆ 11

ಗೇಟಿನ ಮುಂದೆ ಟ್ರಕ್. ಆಟಗಾರರು ಚಂದಾ ಎತ್ತಿ ಕಳಿಸಿದ್ದು. ಬೆನ್ನ ಮೇಲೆ ದೀಪದ ಬೋರ್ಡು: ನದಿ ನಿಮ್ಮಪ್ಪಂದಾ?

ಆರು ವರ್ಷದ ಹಿಂದೆ ಅದೇ ಜಾಗದಲ್ಲಿ ಅವರೇ ಕಳಿಸಿದ ಕಾಫಿ ಟ್ರಕ್ ನಿಂತಿತ್ತು. ಗೇಮ್ ಕಂಪನಿಗಳ ಈ ಪಾಂಗ್ಯೋದಲ್ಲಿ ಪ್ರೀತಿಗೂ ಸಿಟ್ಟಿಗೂ ಟ್ರಕ್ಕೇ.

ಪ್ಯೋ: "ಹೋಗಿ ಹೇಳಿ. ಬೆಲೆ ಏರಿದ್ದಕ್ಕೆ ಆಟಗಾರರು ಜಾಸ್ತಿ ಬೆಳ್ಳಿ ಕೂಡಿಟ್ಟಿದ್ದೇ ಕಾರಣ ಅಂತ."

ಇಳಿದೆ. ಟ್ರಕ್ಕಿನ ಪಕ್ಕ ಅರವತ್ತು ದಾಟಿದ ಮನುಷ್ಯ. ಹೆಸರು ಥಾಕ್. ಗುನ್ಸಾನ್‌ನಲ್ಲಿ ಮೂವತ್ತು ವರ್ಷ ಏಳನೇ ನಂಬರ್ ಬಸ್ ಓಡಿಸಿದವರು. ಹನ್ನೆರಡು ಬೆಳ್ಳಿಯ ಮಾತು ಎತ್ತಲಿಲ್ಲ ನಾನು.

"ಬೆಲೆ ಬರೆಯೋಳು ನೀನೇನಮ್ಮಾ?"

"ಹೌದು."

"ರೊಟ್ಟಿ ಯಾಕೆ ಒಂಬೈನೂರು? ನಾವು ಜಾಸ್ತಿ ದುಡಿದ್ವಾ?"

ಪ್ಯೋ ಕೊಟ್ಟ ವಾಕ್ಯ ನಾಲಿಗೆಯ ಮೇಲಿತ್ತು. ಹೊರಗೆ ಬಂದದ್ದು "ಇಲ್ಲ."

"ಮತ್ತೆ?"

"ಗುರುವಾರ ಓದಿ."

"ಓದ್ತೀನಿ. ಸಣ್ಣಕ್ಷರದಲ್ಲಿ ಬರೀಬೇಡ. ಇನ್ನೊಂದು ಸಲ ಟ್ರಕ್ ತರೋದು ದುಬಾರಿ ಕಣಮ್ಮಾ."

ಮಾರ್ಚ್ 19. ಸಂಜೆ 5

ಪೆಟ್ಟಿಗೆಯ ಹಳೆಯ ದಾಖಲೆ ತೆಗೆದು ನೋಡಿದೆ. ಒಪ್ಪಿದವರು: ನಾನು. ಕಾರಣ: 'ಹಬ್ಬಕ್ಕೆ, ತಾತ್ಕಾಲಿಕ.' ಮೂರೂವರೆ ವರ್ಷ ಇದನ್ನು ಪ್ಯೋನ ಪೆಟ್ಟಿಗೆ ಎನ್ನುತ್ತಿದ್ದೆ.

ಪ್ಯೋ ಬಾಗಿಲಲ್ಲಿ: "ನಾಳೆ ದೋಣಿ ದರ ಏರ್ಲಿಲ್ಲ ಅಂದ್ರೆ ನಿಮಗೆ ಟೀಮ್ ಇಲ್ಲ. ಸೋಮವಾರದಿಂದ ನಿಮ್ ಕುರ್ಚಿ ಸ್ಟೋರ್ ರೂಮ್ ಪಕ್ಕ."

"ಕಿಟಕಿ ಇದ್ಯಾ?"

"ಏನ್ರೀ?"

"ಕಿಟಕಿ."

ಮಾರ್ಚ್ 20, ಗುರುವಾರ. ಬೆಳಗ್ಗೆ 9.52

ಹೊಸ ದರ ಹಾಕಲೆಂದು ಸರ್ವರ್ ಆರಕ್ಕೇ ಮುಚ್ಚಿದೆ. ಹತ್ತಕ್ಕೆ ತೆರೆಯುತ್ತದೆ.

ದೋಣಿ: 50. ಪೆಟ್ಟಿಗೆ: ಮಾರಾಟಕ್ಕಿಲ್ಲ. ಕಾರಣ: 'ಹಬ್ಬ ಮುಗಿಯಿತು.' ಒಪ್ಪಿಗೆ ಹಾಕಿದೆ.

ಆಟಗಾರರಿಗೆ ಪ್ರಕಟಣೆ, ಇದ್ದುದರಲ್ಲಿ ದೊಡ್ಡ ಅಕ್ಷರ: ರೊಟ್ಟಿ ದುಬಾರಿಯಾದದ್ದು ನಿಮ್ಮಿಂದಲ್ಲ, ನಾವು ಮಾರಿದ ಪೆಟ್ಟಿಗೆಯಿಂದ. ಅದಕ್ಕೆ ಒಪ್ಪಿಗೆ ಹಾಕಿದವಳು ಮ್ಯಾಂಗ್ ಸೊಹ್ವಾ.

9.58. ಕಳಿಸಿದೆ. ಮೇಜಿನ ಫೋನ್ ಹೊಡೆದುಕೊಳ್ಳುತ್ತಿದೆ. ಗಾಜಿನಾಚೆ ಪ್ಯೋ — ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಆಫೀಸಿನ ಚಪ್ಪಲಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೇನೆ. ಬಡಿಯಲಿ.

10.00. ತೆರೆಯಿತು. ದಡ. ಕಿಸೆಯಲ್ಲಿ ನಿನ್ನೆ ರಾತ್ರಿ ಮತ್ತೆ ಕಪ್ಪೆ ಕೊಂದು ಕೂಡಿಸಿದ ಬೆಳ್ಳಿ, ಅರವತ್ತೆರಡು. ಐವತ್ತು ನನಗೆ. ಹನ್ನೆರಡು ಅವರದು.

ಏಳನೇ ಬಸ್ಸು ಆಗಲೇ ಬಂದು ನಿಂತಿದ್ದಾರೆ. ಏನೋ ಟೈಪ್ ಮಾಡುತ್ತಿದ್ದಾರೆ...