ಕಾಲು ಮೈಲಿ ಕಡಿಮೆ

ಅಪ್ಪನಿಗೆ,

ನಮ್ಮ ‘ನೇಗಿಲು’ ಪಬ್ಬಿನ ಲೈಸೆನ್ಸ್ ರದ್ದಾದದ್ದು ನನ್ನಿಂದಲೇ, ಒಪ್ಪುತ್ತೇನೆ. ಭಾನುವಾರ ಮಧ್ಯಾಹ್ನ ಬಾಗಿಲು ಮುಚ್ಚಿರಬೇಕು, ಮೂರು ಮೈಲಿ ದಾಟಿ ಬಂದ ಪ್ರಯಾಣಿಕರಿಗೆ ಮಾತ್ರ ಬಿಯರ್ ಕೊಡಬಹುದು ಎಂಬ ಕಾನೂನು ಎಲ್ಲರಿಗೂ ಗೊತ್ತು. ಅದಕ್ಕೇ ಪಕ್ಕದ ಹಳ್ಳಿ ಆಷ್‌ಕೋಟಿನವರು ನಮ್ಮಲ್ಲಿಗೂ ನಮ್ಮೂರಿನವರು ಅಲ್ಲಿಗೂ ‘ಪ್ರಯಾಣಿಕ’ರಾಗಿ ಹೋಗುತ್ತಿದ್ದರು. ಆದರೆ ಎರಡೂರಿನ ನಡುವಿನ ದೂರವೆಷ್ಟೆಂದು ನ್ಯಾಯಾಧೀಶರು ಕೇಳಿದಾಗ, ನಾನು ಸೈಕಲ್ ಚಕ್ರದ ಸುತ್ತು ಎಣಿಸಿ ಅಳೆದಿದ್ದನ್ನೇ ಹೇಳಿದೆ: ಎರಡೂಮುಕ್ಕಾಲು ಮೈಲಿ.

“ಸ್ಕೂಲ್ ಬಿಟ್ಟೋಳಿಗೆ ಕಾಲು ಮೈಲಿ ಲೆಕ್ಕ ಯಾಕೆ ಬೇಕಿತ್ತೇ, ತಾಯಿ?” ಎಂದು ಆಷ್‌ಕೋಟಿನ ಸೈಲಸ್ ಮಾವ ಕೋರ್ಟಿನ ಮೆಟ್ಟಿಲ ಮೇಲೇ ಬೈದ.

ಶನಿವಾರ ಪೀಪಾಯಿಗಳನ್ನು ಒಯ್ಯಲು ಬರುತ್ತಾರೆ. ನಿನ್ನ ಸಹಿ ಬೇಕು. ಅತ್ತೆಯ ಮನೆಯಿಂದ ಬಾ, ನನ್ನೊಡನೆ ಮಾತಾಡದಿದ್ದರೂ ಸರಿ.

‘ಮೂರು ಅನ್ನು’ ಎಂದು ಕೋರ್ಟಿಗೆ ಹೊರಟ ಆ ಬೆಳಿಗ್ಗೆ ನೀನು ಕೇಳಲೇ ಇಲ್ಲ. ಕೇಳಿದ್ದರೆ ಅಂದುಬಿಡುತ್ತಿದ್ದೆನೇನೋ.

ನಿನ್ನ ಮಗಳು,
ಹೆಸ್ಟರ್